ಶಾಲೆ ಬಿಟ್ಟ ಮೇಲಣ ಹೊತ್ತು

ಪಾಠಶಾಲೆಯ ಕೊನೆಯ ಗಂಟೆ ಬಾರಿಸಿ ಮಕ್ಕಳು ಹೊರಬೀಳುವ ಸಂಜೆ ನಾಲ್ಕರ ಸುಮಾರಿನಿಂದ ಮೊದಲುಗೊಂಡು, ಹೊಲಕ್ಕೋ ಕೂಲಿಗೋ ಹೋದ ತಾಯಿ ಮನೆಗೆ ಮರಳಿ ಒಲೆ ಹೊತ್ತಿಸುವ ಪರ್ಯಂತ ಇರತಕ್ಕ ಎರಡು ಮೂರು ಗಂಟೆಗಳ ಅವಧಿಯನ್ನು ಕುರಿತು ನಮ್ಮಲ್ಲಿ ವಿಚಾರ ನಡೆದಿರುವುದು ಅತ್ಯಲ್ಪ. ಪಠ್ಯಕ್ರಮವನ್ನು ಕುರಿತು ಆಯೋಗಗಳು ಕುಳಿತಿವೆ. ಪರೀಕ್ಷೆಯ ಫಲಿತಾಂಶವನ್ನು ಕುರಿತು ವರ್ಷವರ್ಷವೂ ಸಭೆಗಳು ನೆರೆಯುತ್ತವೆ. ಈ ಹೊತ್ತು ಮಾತ್ರ ಯಾರ ಪಹಣಿಗೂ ಸೇರದ ಪರಂಪೋಕು ಭೂಮಿಯಂತೆ ಹಾಳುಬಿದ್ದಿದೆ. ತನ್ನ ಇಚ್ಛೆಯಿಂದ ಏನನ್ನಾದರೂ ಕಲಿಯಲು, ಆಡಲು, ತನಗಿಂತ ಹಿರಿಯರಾಗಿದ್ದೂ ತನ್ನ ತಂದೆತಾಯಿಗಳಾಗಲಿ ಉಪಾಧ್ಯಾಯರಾಗಲಿ ಅಲ್ಲದ ಜನರ ಸಂಗದಲ್ಲಿ ಬೆಳೆಯಲು ಮಗುವಿಗೆ ಇಡೀ ದಿನದಲ್ಲಿ ದೊರೆಯುವ ಅವಕಾಶ ಇದೊಂದೇ ಆಗಿರುವುದರಿಂದ, ಊರು ತನ್ನ ಮಕ್ಕಳಿಗೆ ಏನು ಕೊಡುತ್ತದೆ ಎಂಬ ಪ್ರಶ್ನೆಗೆ ಉತ್ತರವನ್ನು ಈ ಹೊತ್ತಿನಲ್ಲಿಯೇ ಹುಡುಕಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ವಿಚಾರದಲ್ಲಿ ನನ್ನ ಕಣ್ಣ ಮುಂದಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಈ ಐದು ತಾಲ್ಲೂಕುಗಳ ಸೀಮೆಯು ಆಡಳಿತದ ಕೈಗಳನ್ನು ಪದೇ ಪದೇ ಬದಲಿಸುತ್ತ ಬಂದುದು. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿಯ ಕನ್ನಡ ಭಾಗವು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯದೊಡನೆ ಕೂಡಿತು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆಗೆ ಹೋಗಿ ಮರಳಿ ಬಳ್ಳಾರಿಗೆ ಬಂದಿತು. 2021ರಲ್ಲಿ ಇವೆಲ್ಲವೂ ನೂತನವಾದ ವಿಜಯನಗರ ಜಿಲ್ಲೆಯ ಅಂಗಗಳಾದುವು. ಗಡಿ ಬದಲಾದರೂ ಬದುಕಿನ ರೀತಿ ಅಷ್ಟಾಗಿ ಬದಲಾಗಲಿಲ್ಲ. ತುಂಗಭದ್ರೆಯ ದಂಡೆಯ ಊರುಗಳನ್ನು ಬಿಟ್ಟರೆ ಉಳಿದುದು ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿದ ಬೆದ್ದಲು. ಜೋಳ, ಶೇಂಗಾ, ಮೆಕ್ಕೆಜೋಳಗಳ ಬೆಳೆ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಕಾಫಿಯ ಸೀಮೆಗೋ ಕಬ್ಬಿನ ಸೀಮೆಗೋ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಗುಳೆ ಹೋಗುವ ಕುಟುಂಬಗಳು. ಅಜ್ಜಿಯ ಬಳಿ ಉಳಿಯುವ ಮಕ್ಕಳು. ಹಡಗಲಿಯ ಕಡೆ ಮಲ್ಲಿಗೆ ಬಿಡಿಸುವುದರಿಂದ ಹಿಡಿದು ಶೇಂಗಾ ಸುಲಿಯುವುದರವರೆಗೆ ಎಳೆಯ ಕೈಗಳಿಗೆ ಕೆಲಸವಿಲ್ಲದ ಋತುವೇ ಇಲ್ಲ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ನಿಷೇಧ ಕಾಯಿದೆಯು ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಎಲ್ಲ ಉದ್ಯೋಗಗಳಿಂದಲೂ ದೂರವಿರಿಸಿತಾದರೂ, ಶಾಲೆಯ ವೇಳೆ ಮುಗಿದ ಮೇಲೆ ಮತ್ತು ರಜೆಯ ದಿನಗಳಲ್ಲಿ ತಮ್ಮ ಕುಟುಂಬದ ಕಸುಬಿನಲ್ಲಿ, ಅದು ಅಪಾಯಕರವಲ್ಲದ ಪಕ್ಷದಲ್ಲಿ, ಅವರು ನೆರವಾಗಬಹುದೆಂದು ಅನುಮತಿ ನೀಡಿತು. ಅಂದರೆ ನಾವು ಇಲ್ಲಿ ಯಾವ ಹೊತ್ತನ್ನು ಕುರಿತು ಮಾತನಾಡುತ್ತಿರುವೆವೋ ಅದೇ ಹೊತ್ತನ್ನು ಶಾಸನವು ದುಡಿಮೆಗೆ ತೆರೆದಿಟ್ಟಿತು. ಬೇರಾರೂ ಅದರ ಮೇಲೆ ಹಕ್ಕು ಸಾಧಿಸದಿದ್ದರೆ ಬಡತನವು ಸಾಧಿಸುತ್ತದೆ.

ಹಿಂದೆ ಇಲ್ಲಿ ಈ ಹೊತ್ತು ಬರಿದಾಗಿರಲಿಲ್ಲ. ಊರಿಗೊಂದು ಗರಡಿಯಿತ್ತು; ಕೆಮ್ಮಣ್ಣಿನ ಅಖಾಡದಲ್ಲಿ ಹನುಮಂತನ ಪಟದ ಮುಂದೆ ಸಾಮು ತೆಗೆಯುವ ಹುಡುಗರಿಗೆ ಉಸ್ತಾದನು ಪಟ್ಟುಗಳನ್ನು ಕಲಿಸುವುದರೊಂದಿಗೆ ಸಿಟ್ಟನ್ನು ತಡೆಯುವುದನ್ನೂ ಸೋತಾಗ ಕೈಕುಲುಕುವುದನ್ನೂ ಕಲಿಸುತ್ತಿದ್ದನು. ಭಜನೆಯ ಮಂಡಳಿಗಳಿದ್ದುವು, ಅಲ್ಲಿ ತಾಳ ಹಿಡಿಯುವ ಸರದಿಗಾಗಿ ಕಾಯುತ್ತಲೇ ಬಾಲಕನೊಬ್ಬನು ನೂರಾರು ಪದಗಳನ್ನು ಕಂಠಸ್ಥ ಮಾಡಿಕೊಳ್ಳುತ್ತಿದ್ದನು. ಮೊಹರಂ ಬಂದಿತೆಂದರೆ ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ ಅಲಾವಿಯ ಕುಣಿಯ ಸುತ್ತ ಹೆಜ್ಜೆ ಹಾಕುವ ಹುಡುಗರ ತಂಡಗಳು ಸಿದ್ಧವಾಗುತ್ತಿದ್ದುವು.

ಇವೆಲ್ಲಕ್ಕೂ ಮಿಗಿಲಾದುದು ಬಯಲಾಟದ ತಾಲೀಮು. ಸುಗ್ಗಿ ಮುಗಿದ ಮೇಲೆ ಅಟ್ಟ ಕಟ್ಟಿ ರಾತ್ರಿಯಿಡೀ ಆಡುವ ದೊಡ್ಡಾಟವನ್ನು ನೋಡಿದವರು ಅನೇಕರುಂಟು. ಕಿರೀಟ ಭುಜಕೀರ್ತಿಗಳ ಆ ವೈಭವವನ್ನು ವರ್ಣಿಸಿದವರೂ ಉಂಟು. ಆದರೆ ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಯಾವುದೋ ಮನೆಯ ಪಡಸಾಲೆಯಲ್ಲಿಯೋ ಗುಡಿಯ ಕಟ್ಟೆಯ ಮೇಲೆಯೋ ನಡೆಯುತ್ತಿದ್ದ ಕಲಿಕೆಯ ಸ್ವರೂಪವನ್ನು ಶಿಕ್ಷಣದ ದೃಷ್ಟಿಯಿಂದ ನೋಡಿದವರು ವಿರಳ. ಬೇರೆ ಊರಿನಿಂದ ಕರೆಸಿದ ಮಾಸ್ತರನು ಕೈಬರಹದ ಪ್ರತಿಯನ್ನು ಮುಂದಿಟ್ಟುಕೊಂಡು ಒಂದೊಂದೇ ಪದವನ್ನು, ಒಂದೊಂದೇ ಮಾತನ್ನು ಹೇಳಿಕೊಡುತ್ತಿದ್ದನು. ಓದುಬರಹ ಬಾರದ ರೈತನು ಅದನ್ನು ಕೇಳಿ ಕೇಳಿಯೇ ಭೀಮನ ಪಾರ್ಟನ್ನೋ ಕರ್ಣನ ಪಾರ್ಟನ್ನೋ ಒಪ್ಪಿಸುತ್ತಿದ್ದನು. ಸುತ್ತಲೂ ಕುಳಿತ ಹುಡುಗರು, ಯಾರೂ ತಮಗೆ ಕಲಿಸದಿದ್ದರೂ, ಸಾರಥಿಯ ಹಾಸ್ಯದಿಂದ ಹಿಡಿದು ರಾಜನ ಗದ್ದರಣೆಯವರೆಗೆ ಇಡೀ ಆಟವನ್ನೇ ಬಾಯಿಪಾಠ ಮಾಡಿಬಿಡುತ್ತಿದ್ದರು. ಇಲ್ಲಿ ವಯಸ್ಸಿಗೆ ತಕ್ಕ ತರಗತಿಯಿರಲಿಲ್ಲ. ಉತ್ತೀರ್ಣ ಅನುತ್ತೀರ್ಣವೆಂಬ ವಿಭಾಗವಿರಲಿಲ್ಲ. ಹತ್ತು ವರ್ಷದ ಹುಡುಗನೂ ಐವತ್ತರ ಹಿರಿಯನೂ ಒಂದೇ ಪಡಸಾಲೆಯಲ್ಲಿ ತಪ್ಪಿ, ತಿದ್ದಿಸಿಕೊಂಡು, ಮತ್ತೆ ಹೇಳುತ್ತಿದ್ದರು. ತನ್ನ ಚಿಕ್ಕಪ್ಪನೂ ತಪ್ಪುವನು, ಅವನನ್ನೂ ತಿದ್ದುವವರಿರುವರು ಎಂಬುದನ್ನು ಕಣ್ಣಾರೆ ಕಾಣುವ ಬಾಲಕನಿಗೆ ಕಲಿಯುವುದೆಂದರೆ ಅವಮಾನವಲ್ಲವೆಂಬ ತಿಳಿವು ತಾನಾಗಿಯೇ ಮೂಡುತ್ತಿತ್ತು. ಕಲಿತುದನ್ನು ಪ್ರದರ್ಶಿಸುವ ದಿನವೊಂದು ಮುಂದೆ ನಿಶ್ಚಿತವಾಗಿದ್ದು, ಅಂದು ನೋಡುವವರು ಪರೀಕ್ಷಕರಾಗಿರದೆ ತನ್ನ ಊರಿನ ಜನರೇ ಆಗಿರುತ್ತಿದ್ದುದು ಆ ಕಲಿಕೆಯ ಮತ್ತೊಂದು ಬಲ.

ಈ ನೆಲದಲ್ಲಿ ನಾಟಕದ ಹವ್ಯಾಸ ಬೇರೂರಿದ್ದುದಕ್ಕೆ ಇಂಥ ಪಡಸಾಲೆಗಳೇ ಕಾರಣ. ಬಳ್ಳಾರಿಯಲ್ಲಿ ಧರ್ಮವರಂ ಕೃಷ್ಣಮಾಚಾರ್ಯರ ಸರಸವಿನೋದಿನೀ ಸಭೆ, ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭೆಗಳಂಥ ಹವ್ಯಾಸಿ ನಾಟ್ಯಸಂಘಗಳು ಬೆಳೆದುವು, ಹಡಗಲಿಯ ಎಂ. ಪಿ. ಪ್ರಕಾಶರು ರಾಜಕಾರಣದ ನಡುವೆಯೂ ತಮ್ಮ ಊರಿನಲ್ಲಿ ರಂಗಭಾರತಿಯನ್ನು ಕಟ್ಟಿದರು. ಹಗರಿಬೊಮ್ಮನಹಳ್ಳಿಯ ನೆರೆಯ ಮರಿಯಮ್ಮನಹಳ್ಳಿಯು ರಂಗಕಲಾವಿದೆಯರ ಊರೆಂದೇ ಹೆಸರಾಯಿತು. ಆ ಊರಿನಲ್ಲಿಯೇ ನೆಲೆಸಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿ, 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರು ತಮ್ಮ ಕುಣಿತವನ್ನು ಕಲಿತುದು ಯಾವ ಶಾಲೆಯ ವೇಳಾಪಟ್ಟಿಯಲ್ಲಿಯೂ ಅಲ್ಲ.

ಆದರೆ ಹಳೆಯದನ್ನು ಹೊಗಳುವಾಗ ಅದರ ದೋಷವನ್ನು ಮರೆಮಾಚುವುದು ಸತ್ಯಕ್ಕೆ ಅಪಚಾರವಾದೀತು. ಗರಡಿಯೊಳಗೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಬಯಲಾಟದ ದ್ರೌಪದಿಯ ವೇಷವನ್ನು ತೊಡುತ್ತಿದ್ದವನು ಗಂಡಸು. ಹುಡುಗಿಗೆ ದೊರೆಯುತ್ತಿದ್ದುದು ದೂರದಲ್ಲಿ ಕುಳಿತು ನೋಡುವ ಸ್ಥಾನ, ಅದೂ ತಂಗಿಯನ್ನು ಸೊಂಟದ ಮೇಲೆ ಹೊತ್ತುಕೊಂಡು. ಯಾವ ಪಡಸಾಲೆಯಲ್ಲಿ ತಾಲೀಮು ನಡೆಯುತ್ತಿತ್ತೋ ಅದರ ಹೊಸ್ತಿಲನ್ನು ಊರಿನ ಎಲ್ಲ ಜಾತಿಯ ಮಕ್ಕಳೂ ದಾಟಬಹುದಾಗಿರಲಿಲ್ಲ. ಊರಿನ ಒಂದು ಕೊನೆಯ ಕೇರಿಗಳಲ್ಲಿ ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ತಾಯಂದಿರ ಮಕ್ಕಳಿದ್ದರು. ಆ ದೇವದಾಸಿ ಪದ್ಧತಿಯನ್ನು ರಾಜ್ಯ ಶಾಸನಸಭೆಯು 1982ರಲ್ಲಿ ಕಾನೂನಿನಿಂದ ನಿಷೇಧಿಸಿತು, ಆದರೆ ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರಿನ ಸ್ಥಳವನ್ನು ತುಂಬುವಾಗ ಅವರು ಅನುಭವಿಸಿದ ಸಂಕಟವನ್ನು ಕಾನೂನು ಅಳೆಯಲಾರದು. ಆದುದರಿಂದ ಹಳೆಯ ಸಂಜೆಯನ್ನು ಇದ್ದಂತೆಯೇ ಮರಳಿ ತರಬೇಕೆಂದು ನಾನು ಬಯಸುವವನಲ್ಲ. ಅದರಲ್ಲಿದ್ದ ಕಲಿಕೆಯ ಗುಣವನ್ನು ಉಳಿಸಿಕೊಂಡು ಅದರ ಬಾಗಿಲನ್ನು ಅಗಲಗೊಳಿಸಬೇಕೆಂಬುದೇ ನನ್ನ ಆಶಯ.

ಆ ಸಂಜೆಗಳು ಕ್ರಮೇಣ ಕರಗಿಹೋದ ಬಗೆಯನ್ನು ವಿಸ್ತರಿಸಬೇಕಾಗಿಲ್ಲ; ಎಲ್ಲರೂ ಬಲ್ಲರು. ದೂರದರ್ಶನ ಬಂದಿತು, ಆಮೇಲೆ ಟ್ಯೂಷನ್ ಬಂದಿತು, ಈಗ ಅಂಗೈಯ ಮೊಬೈಲು ಬಂದಿದೆ. ಉಳ್ಳವರ ಮಕ್ಕಳು ಶಾಲೆಯಲ್ಲಿ ಕೇಳಿದ ಪಾಠವನ್ನೇ ಸಂಜೆ ಮತ್ತೊಮ್ಮೆ ಹಣ ತೆತ್ತು ಕೇಳುತ್ತಾರೆ. ಇಲ್ಲದವರ ಮಕ್ಕಳು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಒಂದೇ ಮೊಬೈಲಿನ ಸುತ್ತ ಗುಂಪುಗೂಡುತ್ತಾರೆ.

ಶಾಲೆಯ ಹೊರಗೆ ಮಕ್ಕಳಿಗಾಗಿಯೇ ಒಂದು ಕೂಟವಿರಬೇಕೆಂಬ ಭಾವನೆ ಜಗತ್ತಿಗೆ ಹೊಸದಲ್ಲ. ಅಮೆರಿಕದ ಹಾರ್ಟ್‌ಫರ್ಡ್ ಎಂಬ ಪಟ್ಟಣದಲ್ಲಿ 1860ರಷ್ಟು ಹಿಂದೆಯೇ ಮೂವರು ಮಹಿಳೆಯರು ಬೀದಿಯಲ್ಲಿ ಅಲೆಯುತ್ತಿದ್ದ ಹುಡುಗರಿಗಾಗಿ ಇಂಥದೊಂದು ಕ್ಲಬ್ಬನ್ನು ತೆರೆದರು; ಅಂಥ ಕ್ಲಬ್ಬುಗಳೆಲ್ಲ 1906ರಲ್ಲಿ ಒಕ್ಕೂಟವಾದುವು; ಆದರೆ ಆ ಒಕ್ಕೂಟದ ಹೆಸರಿನಲ್ಲಿ ಹುಡುಗಿಯರಿಗೂ ಸ್ಥಾನ ದೊರೆತುದು 1990ರಲ್ಲಿ. ಆರಂಭಿಸಿದವರು ಸ್ತ್ರೀಯರೇ ಆಗಿದ್ದರೂ ಹುಡುಗಿಯ ಹೆಸರು ಫಲಕದ ಮೇಲೇರಲು ನೂರಮೂವತ್ತು ವರ್ಷ ಹಿಡಿಯಿತೆಂಬುದು ನಾವು ಮನಸ್ಸಿನಲ್ಲಿಡಬೇಕಾದ ಸಂಗತಿ. ನಮ್ಮಲ್ಲಿ ಆರ್. ಕಲ್ಯಾಣಮ್ಮನವರು 1938ರಲ್ಲಿ ಬೆಂಗಳೂರಿನಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿದರು. ಬಾಲವಿಧವೆಯಾಗಿ, ಪತ್ರಿಕೆಯೊಂದನ್ನು ದಶಕಗಳ ಕಾಲ ಒಂಟಿಯಾಗಿ ನಡೆಸಿದ ಆ ಮಹಾತಾಯಿಯ ದೃಷ್ಟಿಯಲ್ಲಿ ಗಂಡು ಹೆಣ್ಣೆಂಬ ತಾರತಮ್ಯವಿರಲಿಲ್ಲ. ಅದಕ್ಕೆ ತುಸು ಮುಂಚೆ, 1936ರಲ್ಲಿ, ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಹೊರತಂದ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಕುಣಿತ, ಹಾಡು, ನಾಟಕಗಳ ಮೂಲಕ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ದೆಹಲಿಯಲ್ಲಿ 1956ರಲ್ಲಿ ರಾಷ್ಟ್ರೀಯ ಬಾಲಭವನ ಹುಟ್ಟಿತು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿಯೂ ಬಾಲಭವನವೊಂದು ತಲೆಯೆತ್ತಿತು. ವಿಶ್ರಾಂತಿ, ಆಟ, ಕಲೆಗಳು ಮಗುವಿನ ಹಕ್ಕೆಂದು 1989ರ ವಿಶ್ವಸಂಸ್ಥೆಯ ಒಡಂಬಡಿಕೆಯ 31ನೆಯ ವಿಧಿ ಸಾರಿತು. 1992ರಲ್ಲಿ ಭಾರತವು ಅದನ್ನು ಅಂಗೀಕರಿಸಿತು. ಇಷ್ಟೆಲ್ಲ ಆದರೂ ರಾಜಧಾನಿಯ ಉದ್ಯಾನದಲ್ಲಿ ಅರಳಿದುದು ಗುಡೇಕೋಟೆಯ ಬಂಡೆಗಳ ನಡುವಣ ಹಳ್ಳಿಗೂ ಉಚ್ಚಂಗಿದುರ್ಗದ ಬುಡದ ಹಳ್ಳಿಗೂ ತಲುಪಲಿಲ್ಲ.

ತಲುಪುವ ಹಾದಿಯೊಂದು ತೆರೆದುದು ವಿಪತ್ಕಾಲದಲ್ಲಿ. 2020ರ ಮಾರ್ಚಿನಲ್ಲಿ ಮಹಾವ್ಯಾಧಿಯ ಭಯದಿಂದ ಶಾಲೆಗಳಿಗೆ ಬೀಗ ಬಿದ್ದಿತು. ಕೆಲವು ತಿಂಗಳುಗಳ ತರುವಾಯ ಆರಂಭವಾದ ವಿದ್ಯಾಗಮ ಯೋಜನೆಯಲ್ಲಿ ಉಪಾಧ್ಯಾಯರು ಗುಡಿಯ ಪ್ರಾಂಗಣಗಳಿಗೆ, ಮರದ ನೆರಳಿಗೆ, ಸಮುದಾಯ ಭವನಗಳಿಗೆ ಬಂದು ಕುಳಿತರು. ಸೋಂಕಿನ ಭೀತಿಯಿಂದ ಅದು ಅಕ್ಟೋಬರಿನಲ್ಲಿ ನಿಂತಿತಾದರೂ, ಊರಿನ ಯಾವ ಕಟ್ಟೆಯೂ ಪಾಠಶಾಲೆಯಾಗಬಲ್ಲುದೆಂಬ ಹಳೆಯ ಸತ್ಯವನ್ನು ಹೊಸ ತಲೆಮಾರಿಗೆ ತೋರಿಸಿಕೊಟ್ಟಿತು. ಅದೇ ವರ್ಷದ ನವೆಂಬರ್ 14ರಂದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯು ‘ಓದುವ ಬೆಳಕು’ ಎಂಬ ಕಾರ್ಯಕ್ರಮವನ್ನು ಆರಂಭಿಸಿ, ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯತಿಯ ಗ್ರಂಥಾಲಯದ ಸದಸ್ಯತ್ವವನ್ನು ಉಚಿತವಾಗಿ ನೀಡಿತು. ಅದಕ್ಕೆ ಹಿಂದಿನ ವರ್ಷವಷ್ಟೇ ಈ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಪಂಚಾಯತಿಗಳ ವಶಕ್ಕೆ ಬಂದಿದ್ದುವು. ಈಗ ‘ಅರಿವು ಕೇಂದ್ರ’ವೆಂಬ ಹೆಸರು ಹೊತ್ತ ಇವು ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚಾಗಿವೆ. ಗ್ರಂಥಾಲಯವೆಂದರೆ ಇಬ್ಬರು ಮುದುಕರು ವೃತ್ತಪತ್ರಿಕೆಯನ್ನು ಹಂಚಿಕೊಂಡು ಓದುವ ಕತ್ತಲೆಯ ಕೋಣೆ ಎಂಬಂತಿದ್ದ ಸ್ಥಿತಿ ಅನೇಕ ಕಡೆ ಬದಲಾಗಿ, ಗೋಡೆಗೆ ಬಣ್ಣ ಬಂದಿದೆ, ಮಕ್ಕಳ ಎತ್ತರಕ್ಕೆ ತಕ್ಕ ಕಪಾಟು ಬಂದಿದೆ, ಚದುರಂಗದ ಹಾಸು ಬಂದಿದೆ, ಗಣಕಯಂತ್ರವೂ ಬಂದಿದೆ.

ಈ ಸೀಮೆಗೆ ಗ್ರಂಥಾಲಯದ ನಂಟು ಹಳೆಯದೂ ಹೌದು. ಎಸ್. ಆರ್. ರಂಗನಾಥನ್ನರ ಶ್ರಮದಿಂದ ಸ್ವತಂತ್ರ ಭಾರತದಲ್ಲಿ ಮೊತ್ತಮೊದಲ ಸಾರ್ವಜನಿಕ ಗ್ರಂಥಾಲಯ ಶಾಸನವನ್ನು 1948ರಲ್ಲಿ ಮಾಡಿದುದು ಮದರಾಸು. ಅಂದು ಈ ತಾಲ್ಲೂಕುಗಳು ಆ ಪ್ರಾಂತ್ಯದಲ್ಲಿದ್ದುವು. ಮೈಸೂರು ರಾಜ್ಯವು ಅಂಥ ಶಾಸನವನ್ನು ಮಾಡಿದುದು 1965ರಲ್ಲಿ.

ಹಾಗಾದರೆ ಊರಿನ ಮಕ್ಕಳ ಕೂಟಕ್ಕೆ ಬೇಕಾದ ಮನೆ ಈಗಾಗಲೇ ಇದೆ. ಇಲ್ಲದಿರುವುದು ಸಂಜೆ. ಗ್ರಂಥಾಲಯದ ಬಾಗಿಲು ಮಕ್ಕಳು ಶಾಲೆಯಲ್ಲಿರುವ ಹೊತ್ತಿನಲ್ಲಿ ತೆರೆದಿದ್ದು, ಅವರು ಬಿಡುವಾಗುವ ಹೊತ್ತಿಗೆ ಮುಚ್ಚುವಂತಾದರೆ ಕಪಾಟಿನ ಬಣ್ಣದಿಂದ ಪ್ರಯೋಜನವೇನು? ಆರು ವರ್ಷದವರಿಂದ ಹದಿನೆಂಟರವರೆಗಿನ ಮಕ್ಕಳಿಗೆಂದು ಮೀಸಲಾದ ಈ ಸದಸ್ಯತ್ವದ ಸಾರ್ಥಕ್ಯವಿರುವುದು ನಾಲ್ಕೂವರೆಯಿಂದ ಏಳರ ನಡುವೆ. ಆ ಹೊತ್ತಿನಲ್ಲಿ ಏನು ನಡೆಯಬೇಕೆಂಬುದಕ್ಕೆ ಬೆಂಗಳೂರಿನಿಂದ ಪಟ್ಟಿ ಬರಬೇಕಾಗಿಲ್ಲ. ಗಟ್ಟಿಯಾಗಿ ಕಥೆ ಓದುವವರೊಬ್ಬರು, ಕೇಳುವ ಹತ್ತು ಮಕ್ಕಳು, ಇಷ್ಟಿದ್ದರೆ ಆರಂಭವಾಯಿತು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯನ್ನೇ ನೋಡಿರಿ: ಸುಮಾರು 99 ಹೆಕ್ಟೇರ್ ವಿಸ್ತಾರದ, ನೀರಿನಲ್ಲಿಯೇ ನಿಂತ ಜಾಲಿಮರಗಳಲ್ಲಿ ಬಣ್ಣದ ಕೊಕ್ಕರೆಗಳೂ ಇತರ ನೀರುಹಕ್ಕಿಗಳೂ ಗೂಡು ಕಟ್ಟುವ ಈ ತಾಣ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿ ಅಂತರರಾಷ್ಟ್ರೀಯ ಮನ್ನಣೆ ಪಡೆಯಿತು. ಪರದೇಶದ ಪಕ್ಷಿಶಾಸ್ತ್ರಜ್ಞನು ಹುಡುಕಿಕೊಂಡು ಬರುವ ಆ ಹಕ್ಕಿಗಳನ್ನು ಅಲ್ಲಿಯ ಮಗುವು ವರ್ಷದುದ್ದಕ್ಕೂ ಎಣಿಸಿ, ಯಾವ ತಿಂಗಳಲ್ಲಿ ಯಾವುದು ಬಂದಿತೆಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಅದು ವಿಜ್ಞಾನವೇ. 1993ರಿಂದ ನಡೆಯುತ್ತಿರುವ ಮಕ್ಕಳ ವಿಜ್ಞಾನ ಸಮಾವೇಶವು ಹತ್ತರಿಂದ ಹದಿನೇಳು ವರ್ಷದವರಿಂದ ಅಪೇಕ್ಷಿಸುವುದು ತಮ್ಮ ಊರಿನ ಸಮಸ್ಯೆಯ ಇಂಥ ಅಧ್ಯಯನವನ್ನೇ. ಬಾಗಳಿಯ ಕಲ್ಲೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ, ಹಿರೇಹಡಗಲಿಯ ಗುಡಿಗಳ ಭಿತ್ತಿಗಳ ಮುಂದೆ ಕಾಗದ ಪೆನ್ಸಿಲು ಹಿಡಿದು ಕುಳಿತ ಬಾಲಕಿಗೆ ಚಾಲುಕ್ಯಶಿಲ್ಪವನ್ನು ಪುಸ್ತಕದಿಂದ ಹೇಳಿಕೊಡಬೇಕಾದ ಪ್ರಮೇಯವೇ ಬಾರದು. ಮತ್ತು ಬಯಲಾಟ: ಹಳೆಯ ಮಾಸ್ತರರು ಇನ್ನೂ ಜೀವಂತವಾಗಿರುವ ಊರುಗಳಲ್ಲಿ ಅವರನ್ನು ವಾರಕ್ಕೆರಡು ಸಂಜೆ ಕರೆಸಿ, ಈ ಸಲ ದ್ರೌಪದಿಯ ಪಾರ್ಟನ್ನೂ ಭೀಮನ ಪಾರ್ಟನ್ನೂ ಹುಡುಗಿಯರಿಗೇ ಕೊಡಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳದಿದ್ದರೆ ಆಗದು. ನಮ್ಮ ರಾಜ್ಯದ ಪ್ರತಿಭಾ ಕಾರಂಜಿಯಂಥ ಸ್ಪರ್ಧೆಗಳು ಅನೇಕ ಎಳೆಯ ಕಂಠಗಳನ್ನು ವೇದಿಕೆಗೆ ತಂದಿವೆ, ಅದಕ್ಕಾಗಿ ಕೃತಜ್ಞನಾಗಿದ್ದೇನೆ. ಆದರೆ ಸ್ಪರ್ಧೆಯು ಒಂದು ದಿನದ್ದು, ಗೆಲ್ಲುವವರು ಮೂವರು. ಸಂಜೆಯ ಕೂಟವು ಪ್ರತಿದಿನದ್ದು. ಅಲ್ಲಿ ಸೊಗಸಾಗಿ ಹಾಡಲಾರದ ಮಗುವಿಗೂ ಹಾಡುವ ಹಕ್ಕುಂಟು. ಅದನ್ನೂ ಬಹುಮಾನಗಳ ಪಟ್ಟಿಯಾಗಿಸಿದರೆ, ಅಥವಾ ಹತ್ತನೆಯ ತರಗತಿಯ ಫಲಿತಾಂಶವನ್ನು ಏರಿಸುವ ಮತ್ತೊಂದು ವಿಶೇಷ ತರಗತಿಯಾಗಿ ಮಾರ್ಪಡಿಸಿದರೆ, ಮಕ್ಕಳು ಕಟ್ಟೆಯ ಮೇಲಣ ಮೊಬೈಲಿಗೆ ಹಿಂತಿರುಗುವರು, ಅವರನ್ನು ದೂಷಿಸುವಂತಿಲ್ಲ.

ಹದಿಮೂರು ಹದಿನಾಲ್ಕು ದಾಟಿದವರ ವಿಷಯ ಬೇರೆಯಾಗಿಯೇ ಯೋಚಿಸತಕ್ಕದ್ದು. ಕಥೆ ಕೇಳುವ ಗುಂಪಿನಲ್ಲಿ ಅವರು ಕೂಡಲಾರರು. ಆದರೆ ಕಥೆ ಓದಿ ಹೇಳುವ ಹೊಣೆಯನ್ನು ಕೊಟ್ಟರೆ ಕೂಡುವರು. ಮನೆಯಲ್ಲಿ ಕೇಳಲಾರದ ಪ್ರಶ್ನೆಗಳು ಈ ವಯಸ್ಸಿನಲ್ಲಿ ಅಸಂಖ್ಯವಾಗಿರುತ್ತವೆ. ಹುಡುಗನು ಓದನ್ನು ಬಿಟ್ಟು ಗೆಳೆಯರ ಸಂಗಡ ಬೆಂಗಳೂರಿನ ಬಸ್ಸು ಹತ್ತುವುದೂ, ಹುಡುಗಿಗೆ ಶಾಲೆ ತಪ್ಪಿಸಿ ಲಗ್ನದ ಮಾತು ಎತ್ತುವುದೂ ಈ ವಯಸ್ಸಿನಲ್ಲಿಯೇ. ದಿನವೂ ಸಂಜೆ ಬರುತ್ತಿದ್ದ ಹುಡುಗಿಯೊಬ್ಬಳು ನಾಲ್ಕು ದಿನ ಬಾರದೆಹೋದಾಗ, ‘ಯಾಕವ್ವಾ, ನಿನ್ನ ಮಗಳು ಬರಲೇ ಇಲ್ಲ?’ ಎಂದು ಮನೆಯ ಬಾಗಿಲಿಗೆ ಹೋಗಿ ಕೇಳುವವರೊಬ್ಬರು ಇದ್ದರೆ, ಎಷ್ಟೋ ಬಾಲ್ಯವಿವಾಹಗಳು ಚಪ್ಪರದ ಮಟ್ಟಕ್ಕೆ ಬರುವ ಮುನ್ನವೇ ನಿಲ್ಲುವುವು. ಪಂಚಾಯತಿಗಳು ನಡೆಸಬೇಕಾದ ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತನಾಡುವ ಧೈರ್ಯವೂ ವರ್ಷಕ್ಕೊಂದು ದಿನ ಒಮ್ಮೆಲೇ ಹುಟ್ಟುವಂಥದಲ್ಲ. ಅದಕ್ಕೂ ತಾಲೀಮು ಬೇಕು.

ಇದೆಲ್ಲವೂ ಕೊನೆಗೆ ಒಬ್ಬ ವ್ಯಕ್ತಿಯ ಮೇಲೆ ನಿಲ್ಲುತ್ತದೆ. ಗ್ರಂಥಾಲಯದ ಮೇಲ್ವಿಚಾರಕರು, ಅನೇಕ ಕಡೆ ಮೇಲ್ವಿಚಾರಕಿಯರು, ಅಲ್ಪ ವೇತನಕ್ಕೆ ದುಡಿಯುವವರು. ಅವರಿಂದಲೇ ಉಸ್ತಾದನ, ಮಾಸ್ತರನ, ಹಿರಿಯಕ್ಕನ ಕೆಲಸಗಳೆಲ್ಲವನ್ನೂ ಅಪೇಕ್ಷಿಸುವುದು ನ್ಯಾಯವಲ್ಲ. ಸಂಜೆಯ ಹೊತ್ತಿಗೆ ಪ್ರತ್ಯೇಕವಾಗಿ ಊರಿನ ಓದಿದ ಯುವತಿಯೊಬ್ಬಳನ್ನು ಗೌರವಧನ ಕೊಟ್ಟು ನೇಮಿಸಿಕೊಳ್ಳಬೇಕು. ಹಣವೆಲ್ಲಿಂದ ಎಂಬ ಪ್ರಶ್ನೆ ಬಂದೇ ಬರುವುದು. ಮನೆಯ ಕಂದಾಯದೊಡನೆ ಗ್ರಂಥಾಲಯದ ಕರವನ್ನು ಜನರು ತೆರುತ್ತಲೇ ಇದ್ದಾರೆ. ಸಂವಿಧಾನದ 371-ಜೆ ಅನುಚ್ಛೇದದ ಬಲದಿಂದ ಈ ಹಿಂದುಳಿದ ಸೀಮೆಗಾಗಿ ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಮಂಡಳಿಯೂ ಇದೆ. ಆ ಮಂಡಳಿಯ ಹಣವು ಕಾಂಕ್ರೀಟಾಗಿಯಷ್ಟೇ ಪರಿಣಮಿಸಬೇಕೆಂದು ಎಲ್ಲಿಯೂ ಬರೆದಿಲ್ಲ. ಹಾಗೆಯೇ ಹಸಿವಿನ ಮಾತು. 2002ರ ಜೂನಿನಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಊಟವಿಟ್ಟುದರಿಂದ ಶಾಲೆಗೆ ಮಕ್ಕಳು ಬಂದರೆಂಬುದನ್ನು ಈ ಸೀಮೆಯವರು ಬಲ್ಲಷ್ಟು ಇತರರು ಬಲ್ಲರೋ ಇಲ್ಲವೋ. ಮಧ್ಯಾಹ್ನ ಉಂಡ ಮಗುವಿಗೆ ನಾಲ್ಕೂವರೆಗೆ ಮತ್ತೆ ಹಸಿವಾಗುತ್ತದೆ. ಮಂಡಕ್ಕಿಯನ್ನೋ ಬೇಯಿಸಿದ ಶೇಂಗಾವನ್ನೋ ಒಂದೊಂದು ಹಿಡಿ ಕೊಡುವ ವ್ಯವಸ್ಥೆಯನ್ನು ಊರಿನ ಸ್ತ್ರೀಶಕ್ತಿ ಸಂಘಗಳು ಮನಸ್ಸು ಮಾಡಿದರೆ ನಡೆಸಬಲ್ಲುವು.

ಇನ್ನುಳಿದುದು ಹಿಂತಿರುಗುವ ದಾರಿ. ಏಳು ಗಂಟೆಗೆ ಮಗಳು ಕತ್ತಲಲ್ಲಿ ಒಬ್ಬಳೇ ಬರಬೇಕೆಂದರೆ ಯಾವ ತಾಯಿಯೂ ಕಳುಹಿಸಳು, ಕಳುಹಿಸಬಾರದು. ಊರ ಹೊರಗಿನ ಕೇರಿಗಳಿಗೂ ತಾಂಡಾಗಳಿಗೂ ಹೋಗುವ ದಾರಿಯ ದೀಪಗಳು ಕೆಟ್ಟು ತಿಂಗಳುಗಳಾಗಿರುವುದು ಅಪೂರ್ವವೇನಲ್ಲ. ಬೀದಿದೀಪವೂ ಗ್ರಂಥಾಲಯವೂ ಇಂದು ಒಂದೇ ಗ್ರಾಮ ಪಂಚಾಯತಿಯ ಕೈಯಲ್ಲಿವೆ. ಒಂದೇ ಸಭೆಯಲ್ಲಿ ಎರಡಕ್ಕೂ ಠರಾವು ಮಾಡಬಹುದು. ಗ್ರಂಥಾಲಯದಿಂದ ಅತಿ ದೂರದ ಕೇರಿಯ ಕಡೆಯ ಮನೆಯವರೆಗೆ ಕಂಬಗಳೆಷ್ಟು, ಉರಿಯುವ ದೀಪಗಳೆಷ್ಟು ಎಂಬುದನ್ನು ಎಣಿಸಿ ಬರೆದು ತರುವ ಕೆಲಸವನ್ನು ಆ ಮಕ್ಕಳಿಗೇ ಒಪ್ಪಿಸಿದರೆ, ಮುಂದಿನ ಮಕ್ಕಳ ಗ್ರಾಮಸಭೆಯಲ್ಲಿ ಅಧ್ಯಕ್ಷರ ಮುಂದೆ ಓದಬೇಕಾದ ಮೊದಲನೆಯ ಅರ್ಜಿ ಸಿದ್ಧವಾಗುತ್ತದೆ.